ಒಂದೇ ಏಟಿಗೆ ಉರುಳದ ವ್ಯವಸ್ಥೆ: ಭಯೋತ್ಪಾದನೆಯ ಎದುರು ವಿಕೇಂದ್ರೀಕರಣ ಹೇಗೆ ಕೆಲಸ ಮಾಡುತ್ತದೆ?

2019ರ ಸೆಪ್ಟೆಂಬರ್ 14ರ ನಸುಕಿನಲ್ಲಿ ಸೌದಿ ಅರೇಬಿಯಾದ ಅಬ್‌ಕೈಕ್ ತೈಲ ಸಂಸ್ಕರಣಾ ಘಟಕ ಮತ್ತು ಖುರೈಸ್ ತೈಲಕ್ಷೇತ್ರದ ಮೇಲೆ ಡ್ರೋನ್‌ಗಳೂ ಕ್ಷಿಪಣಿಗಳೂ ಬಂದೆರಗಿದವು. ದಿನಕ್ಕೆ ಸುಮಾರು 57 ಲಕ್ಷ ಬ್ಯಾರೆಲ್ ಕಚ್ಚಾ ತೈಲದ ಉತ್ಪಾದನೆ ಒಮ್ಮೆಲೇ ನಿಂತುಹೋಯಿತು. ಅದು ಆ ದೇಶದ ಉತ್ಪಾದನೆಯ ಅರ್ಧದಷ್ಟು, ಇಡೀ ಜಗತ್ತಿನ ಪೂರೈಕೆಯ ಶೇಕಡಾ 5ರಷ್ಟು. ಯೆಮನ್‌ನ ಹೂತಿ ಬಂಡುಕೋರರು ದಾಳಿ ತಮ್ಮದೆಂದರು. ಅಮೆರಿಕ ಮತ್ತು ಸೌದಿ ಸರ್ಕಾರಗಳು ಇರಾನಿನತ್ತ ಬೆರಳು ತೋರಿದವು, ಇರಾನ್ ನಿರಾಕರಿಸಿತು. ಇದೇ ಅಬ್‌ಕೈಕ್‌ನ ಮೇಲೆ 2006ರ ಫೆಬ್ರವರಿಯಲ್ಲಿ ಅಲ್ ಖೈದಾ ಕಾರು ಬಾಂಬುಗಳೊಂದಿಗೆ ನುಗ್ಗಲು ನೋಡಿತ್ತು. ಆಗ ಕಾವಲು ಪಡೆ ತಡೆದಿತ್ತು.

ದಾಳಿ ಯಾರದೆಂಬ ಪ್ರಶ್ನೆಯನ್ನು ಬದಿಗಿಟ್ಟರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಜಗತ್ತು ಉರಿಸುವ ಎಣ್ಣೆಯಲ್ಲಿ ಇಷ್ಟು ದೊಡ್ಡ ಪಾಲು ಕೆಲವೇ ಗೋಪುರಗಳ, ಕೊಳವೆಗಳ ಮೂಲಕ ಹಾದುಹೋಗುವಂತೆ ಇಟ್ಟುಕೊಂಡಿದ್ದೇಕೆ? ಅದನ್ನು ಹತ್ತು ಕಡೆ ಹಂಚಿದ್ದರೆ ದಾಳಿಯ ಪೆಟ್ಟು ಹತ್ತರಲ್ಲಿ ಒಂದಕ್ಕೆ ಇಳಿಯುತ್ತಿತ್ತಲ್ಲವೇ? ಸರ್ಕಾರವನ್ನೂ ಉದ್ಯಮವನ್ನೂ ಒಂದೇ ಕಡೆ ಗುಡ್ಡೆ ಹಾಕದೆ ಹರಡಬೇಕು ಎಂಬ ವಾದ ಹುಟ್ಟುವುದು ಇಲ್ಲಿಂದಲೇ. ವಾದದಲ್ಲಿ ಹುರುಳಿದೆ. ಆದರೆ ಅದು ಮೇಲ್ನೋಟಕ್ಕೆ ಕಾಣುವಷ್ಟು ಸರಳವಾಗಿಲ್ಲ.

ದಾಳಿಕೋರನ ಲೆಕ್ಕ

ಭಯೋತ್ಪಾದಕ ಗುಂಪಿಗೆ ಸೇನೆಯ ಬಲವಿರುವುದಿಲ್ಲ. ಜನ ಕಡಿಮೆ, ಹಣ ಕಡಿಮೆ, ಸಿದ್ಧತೆ ಉದ್ದವಾದಷ್ಟೂ ಗುಟ್ಟು ರಟ್ಟಾಗುವ ಭಯ ಹೆಚ್ಚು. ಹಾಗಾಗಿ ಅದು ಹುಡುಕುವುದು ಸಣ್ಣ ಏಟಿಗೆ ದೊಡ್ಡ ನೋವಾಗುವ ಜಾಗವನ್ನು. ದೇಹದಲ್ಲಿ ಮರ್ಮಸ್ಥಾನ ಎಂದು ಯಾವುದನ್ನು ಕರೆಯುತ್ತೇವೋ ಅಂಥವು ದೇಶದಲ್ಲೂ ಇರುತ್ತವೆ. ಎಲ್ಲವೂ ಹಾದುಹೋಗುವ ಒಂದು ಸೇತುವೆ, ಎಲ್ಲ ಲೆಕ್ಕವನ್ನೂ ಇಟ್ಟುಕೊಂಡ ಒಂದು ಕಟ್ಟಡ, ಎಲ್ಲ ಆದೇಶಗಳೂ ಹೊರಡುವ ಒಂದು ಕೊಠಡಿ.

1996ರ ಜನವರಿ 31ರಂದು ಕೊಲಂಬೊದಲ್ಲಿ ಎಲ್‌ಟಿಟಿಇ ಆರಿಸಿಕೊಂಡದ್ದು ಅಂಥದೊಂದು ಜಾಗ. ಸ್ಫೋಟಕ ತುಂಬಿದ ಲಾರಿಯನ್ನು ಶ್ರೀಲಂಕಾದ ಕೇಂದ್ರ ಬ್ಯಾಂಕಿಗೆ ನುಗ್ಗಿಸಲಾಯಿತು. 91 ಜನ ಸತ್ತರು, ಸುಮಾರು 1,400 ಜನ ಗಾಯಗೊಂಡರು. ಸುತ್ತಲಿನ ವ್ಯಾಪಾರ ಕೇಂದ್ರದ ಕಟ್ಟಡಗಳೂ ಜಖಂಗೊಂಡವು. ದೇಶದ ಹಣಕಾಸಿನ ಹೃದಯಭಾಗವೆಲ್ಲ ಕೂಗಳತೆಯ ದೂರದಲ್ಲಿ ಒತ್ತೊತ್ತಾಗಿ ಕುಳಿತಿತ್ತು.

2001ರ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ 2,977 ಜನ ಪ್ರಾಣ ಕಳೆದುಕೊಂಡರು. ಕ್ಯಾಂಟರ್ ಫಿಟ್ಜ್‌ಜೆರಾಲ್ಡ್ ಎಂಬ ಒಂದೇ ಹಣಕಾಸು ಸಂಸ್ಥೆಯ ನ್ಯೂಯಾರ್ಕ್ ಕಚೇರಿ ವಿಶ್ವ ವ್ಯಾಪಾರ ಕೇಂದ್ರದ ಉತ್ತರ ಗೋಪುರದ ತುದಿಯ ಮಹಡಿಗಳಲ್ಲಿತ್ತು. ಅದರ 658 ಉದ್ಯೋಗಿಗಳು ಸತ್ತರು. ಬೆಳಗಿನ ಆ ಹೊತ್ತಿನಲ್ಲಿ ಕಚೇರಿಯಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ.

ಇಲ್ಲಿ ಒಂದು ಮಿತಿಯನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಸಂತೆ, ರೈಲು, ಪ್ರಾರ್ಥನಾ ಮಂದಿರ, ಹಬ್ಬದ ಗುಂಪು ಇವುಗಳ ಮೇಲಿನ ದಾಳಿಯನ್ನು ವಿಕೇಂದ್ರೀಕರಣ ತಡೆಯುವುದಿಲ್ಲ. ಜನ ಸೇರುವುದನ್ನು ನಿಲ್ಲಿಸಲಾಗದು, ನಿಲ್ಲಿಸಲೂ ಬಾರದು. ದಾಳಿ ನಡೆಯದಂತೆ ಮಾಡುವ ಉಪಾಯವೂ ಇದಲ್ಲ. ದಾಳಿ ನಡೆದರೂ ದೇಶದ ಉಸಿರು ನಿಲ್ಲದಂತೆ ನೋಡಿಕೊಳ್ಳುವುದು, ಆ ಮೂಲಕ ದಾಳಿಯಿಂದ ಸಿಗುವ ‘ಲಾಭ’ವನ್ನು ಕುಗ್ಗಿಸುವುದು ಇದರ ಗುರಿ.

ಒಂದೇ ಹೆಸರಿನ ಮೂರು ಸಂಗತಿಗಳು

ವಿಕೇಂದ್ರೀಕರಣ ಎನ್ನುವಾಗ ಮೂರು ಬೇರೆ ಬೇರೆ ವಿಚಾರಗಳು ಕಲೆಸಿಹೋಗುತ್ತವೆ. ಬಿಡಿಸಿ ನೋಡದಿದ್ದರೆ ಮುಂದಿನದೆಲ್ಲ ಗೊಂದಲವೇ.

ಮೊದಲನೆಯದು ಜಾಗದ ಹಂಚಿಕೆ: ಒಂದು ಕಾರ್ಖಾನೆ ಅಥವಾ ಕಚೇರಿಯ ಬದಲು ದೂರದೂರದಲ್ಲಿ ಹಲವು. ಎರಡನೆಯದು ಅಧಿಕಾರದ ಹಂಚಿಕೆ: ರಾಜಧಾನಿಯ ಅಪ್ಪಣೆಗೆ ಕಾಯದೆ ಸ್ಥಳದಲ್ಲಿರುವವರೇ ತೀರ್ಮಾನ ಮಾಡಲು ಅವಕಾಶ. ಮೂರನೆಯದು ಬದಲಿ ಸಾಮರ್ಥ್ಯ: ಒಂದು ಘಟಕ ನಿಂತರೆ ಅದರ ಕೆಲಸವನ್ನು ಇನ್ನೊಂದು ಎತ್ತಿಕೊಳ್ಳುವ ಶಕ್ತಿ.

ಈ ಮೂರನೆಯದನ್ನೇ ಹೆಚ್ಚಿನವರು ಮರೆಯುವುದು. ಆಲದ ಮರವನ್ನು ನೋಡಿ. ಅದು ಗಟ್ಟಿಯಾಗಿರುವುದು ಕೊಂಬೆಗಳು ಅಗಲಕ್ಕೆ ಹರಡಿವೆ ಎಂಬ ಕಾರಣಕ್ಕಲ್ಲ. ನೆಲಕ್ಕಿಳಿದ ಪ್ರತಿ ಬಿಳಲೂ ತಾನೇ ಬೇರಾಗಿ, ಕಾಂಡವಾಗಿ ತನ್ನ ಪಾಲಿನ ಕೊಂಬೆಯನ್ನು ಸಾಕಬಲ್ಲದು. ಅದರಿಂದಲೇ ಮೂಲ ಕಾಂಡ ಕೊಳೆತುಹೋದ ಮೇಲೂ ಮರ ನಿಂತಿರುತ್ತದೆ. ಬಿಳಲೇ ಇಲ್ಲದೆ ಕೊಂಬೆ ಮಾತ್ರ ಹರಡಿದ್ದರೆ ಗಾಳಿಗೆ ಅದೇ ಮೊದಲು ಮುರಿಯುತ್ತಿತ್ತು.

ಇದನ್ನು ಅಂಕಿಯಲ್ಲೂ ನೋಡಬಹುದು. ಒಂದು ಘಟಕ ವರ್ಷದಲ್ಲಿ ನಿಂತುಹೋಗುವ ಸಾಧ್ಯತೆ ನೂರಕ್ಕೆ 1 ಎಂದಿಟ್ಟುಕೊಳ್ಳೋಣ. ಒಂದು ಯಂತ್ರದ ಹತ್ತು ಬಿಡಿಭಾಗಗಳನ್ನು ಹತ್ತು ಊರುಗಳಲ್ಲಿ ಮಾಡುತ್ತಿದ್ದು, ಪ್ರತಿ ಭಾಗವನ್ನೂ ಒಂದೇ ಊರು ಮಾಡುತ್ತಿದ್ದರೆ, ಹತ್ತರಲ್ಲಿ ಯಾವುದೇ ಒಂದು ನಿಂತರೂ ಯಂತ್ರ ಹೊರಬರದು. ಆಗ ಇಡೀ ಕೆಲಸ ನಿಲ್ಲುವ ಸಾಧ್ಯತೆ ನೂರಕ್ಕೆ ಸುಮಾರು 10ಕ್ಕೆ ಏರುತ್ತದೆ. ಅದೇ ಇಡೀ ಯಂತ್ರವನ್ನು ಎರಡು ಊರುಗಳು ಪ್ರತ್ಯೇಕವಾಗಿ ಮಾಡಬಲ್ಲವಾದರೆ, ಎರಡೂ ಒಟ್ಟಿಗೆ ನಿಲ್ಲುವ ಸಾಧ್ಯತೆ ಹತ್ತು ಸಾವಿರಕ್ಕೆ 1. ಎರಡು ಕಡೆಗೂ ಒಂದೇ ಕಾರಣದಿಂದ ಪೆಟ್ಟು ಬೀಳಬಾರದು ಎಂಬ ಷರತ್ತು ಮಾತ್ರ ಇದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಅಂದರೆ ಹತ್ತು ಕಡೆ ಹರಡಿದರೂ ಅಪಾಯ ಹತ್ತು ಪಟ್ಟು ಹೆಚ್ಚಬಹುದು, ಎರಡೇ ಕಡೆ ಇಟ್ಟರೂ ನೂರು ಪಟ್ಟು ಇಳಿಯಬಹುದು.

ಎರಡನೇ ಮಹಾಯುದ್ಧ ಕಲಿಸಿದ್ದು

ಈ ವ್ಯತ್ಯಾಸವನ್ನು ಚರಿತ್ರೆ ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು ಭಯೋತ್ಪಾದನೆಯಲ್ಲಲ್ಲ, ಯುದ್ಧಕಾಲದ ಬಾಂಬ್ ದಾಳಿಗಳಲ್ಲಿ.

1940ರ ಸೆಪ್ಟೆಂಬರ್ 24 ಮತ್ತು 26ರಂದು ಜರ್ಮನ್ ವಿಮಾನಗಳು ಇಂಗ್ಲೆಂಡಿನ ಸೌತಾಂಪ್ಟನ್ ಬಳಿಯ ವೂಲ್‌ಸ್ಟನ್‌ನಲ್ಲಿದ್ದ ಸ್ಪಿಟ್‌ಫೈರ್ ಯುದ್ಧವಿಮಾನದ ಕಾರ್ಖಾನೆಯನ್ನು ಹಾಳುಗೆಡವಿದವು. ವಿಮಾನ ಉತ್ಪಾದನಾ ಸಚಿವ ಬೀವರ್‌ಬ್ರೂಕ್ ಅದನ್ನು ಮತ್ತೆ ಅಲ್ಲೇ ಕಟ್ಟಲು ಬಿಡಲಿಲ್ಲ. ಕೆಲಸವನ್ನು ಕಾರು ಗ್ಯಾರೇಜು, ಬಟ್ಟೆ ಒಗೆಯುವ ಲಾಂಡ್ರಿ, ಬಸ್ ಡಿಪೋಗಳಿಗೆಲ್ಲ ಹಂಚಲಾಯಿತು. ಸೌತಾಂಪ್ಟನ್ ಮಾತ್ರವಲ್ಲದೆ ಸಾಲಿಸ್‌ಬರಿ, ಟ್ರೋಬ್ರಿಜ್, ರೆಡಿಂಗ್ ಸುತ್ತಲೂ ಸ್ಪಿಟ್‌ಫೈರ್‌ಗಳು ತಯಾರಾಗತೊಡಗಿದವು. ಇದರ ಜೊತೆಗೆ ಬರ್ಮಿಂಗ್‌ಹ್ಯಾಮ್ ಬಳಿಯ ಕ್ಯಾಸಲ್ ಬ್ರಾಮ್‌ವಿಚ್‌ನಲ್ಲಿ ಇನ್ನೊಂದು ದೊಡ್ಡ ಕಾರ್ಖಾನೆ ಅಷ್ಟರಲ್ಲಾಗಲೇ ಕೆಲಸ ಶುರುಮಾಡಿತ್ತು. ಒಂದೇ ದಾಳಿಯಲ್ಲಿ ಸ್ಪಿಟ್‌ಫೈರ್ ಉತ್ಪಾದನೆಯನ್ನು ನಿಲ್ಲಿಸುವ ಅವಕಾಶ ಶತ್ರುವಿಗೆ ಮತ್ತೆ ಸಿಗಲಿಲ್ಲ.

ಜರ್ಮನಿಯ ಕಥೆ ಇನ್ನೂ ಹೆಚ್ಚು ಕಲಿಸುತ್ತದೆ. ಆ ದೇಶದ ಬಾಲ್ ಬೇರಿಂಗುಗಳಲ್ಲಿ ದೊಡ್ಡ ಪಾಲು ಶ್ವೈನ್‌ಫುರ್ಟ್ ಎಂಬ ಒಂದೇ ಪಟ್ಟಣದಿಂದ ಬರುತ್ತಿತ್ತು. ತಿರುಗುವ ಯಂತ್ರ ಯಾವುದಾದರೂ ಸರಿ, ಬೇರಿಂಗ್ ಇಲ್ಲದೆ ನಡೆಯದು. ಇದನ್ನರಿತ ಅಮೆರಿಕದ ವಾಯುಪಡೆ 1943ರ ಆಗಸ್ಟ್ 17 ಮತ್ತು ಅಕ್ಟೋಬರ್ 14ರಂದು ಭಾರೀ ನಷ್ಟ ಅನುಭವಿಸಿಯೂ ಅಲ್ಲಿ ಬಾಂಬು ಹಾಕಿತು. ಜರ್ಮನರು ಬೇರಿಂಗ್ ಉತ್ಪಾದನೆಯನ್ನು ಬೇರೆ ಬೇರೆ ಊರುಗಳಿಗೆ ಚದುರಿಸಿದರು, ಕೂಡಿಟ್ಟ ದಾಸ್ತಾನು ಬಳಸಿದರು, ಕಡಿಮೆ ಬೇರಿಂಗ್ ಬೇಡುವಂತೆ ವಿನ್ಯಾಸಗಳನ್ನು ಬದಲಿಸಿದರು, ಸ್ವೀಡನ್‌ನಿಂದಲೂ ತರಿಸಿಕೊಂಡರು. ಬಾಂಬುಗಳ ಮಳೆಯ ನಡುವೆಯೂ 1943ಕ್ಕಿಂತ 1944ರಲ್ಲಿ ಜರ್ಮನಿ ಹೆಚ್ಚು ವಿಮಾನಗಳನ್ನು ಮಾಡಿತು.

ಆದರೆ ಚದುರಿದ ಕಾರ್ಖಾನೆಗಳನ್ನು ಒಂದಕ್ಕೊಂದು ಜೋಡಿಸಿದ್ದು ರೈಲು. ಮೊದಲು ಒಂದೇ ಆವರಣದೊಳಗೆ ಸಾಗುತ್ತಿದ್ದ ಬಿಡಿಭಾಗಗಳು ಈಗ ನೂರಾರು ಕಿಲೋಮೀಟರ್ ಪ್ರಯಾಣ ಮಾಡಬೇಕಿತ್ತು. 1944ರ ಕೊನೆಯ ತಿಂಗಳುಗಳಲ್ಲಿ ಮಿತ್ರಪಡೆಗಳು ರೈಲುಮಾರ್ಗ, ಕಾಲುವೆ, ಜಂಕ್ಷನ್‌ಗಳತ್ತ ತಿರುಗಿದಾಗ ರೂರ್ ಪ್ರದೇಶದ ಕಲ್ಲಿದ್ದಲು ಹೊರಗೆ ಬರದಾಯಿತು, ಚದುರಿದ ಘಟಕಗಳು ಒಂದೊಂದಾಗಿ ಸೊರಗಿದವು. ಕಾರ್ಖಾನೆಯಲ್ಲಿದ್ದ ಮರ್ಮಸ್ಥಾನ ಮಾಯವಾಗಿರಲಿಲ್ಲ, ರೈಲಿಗೆ ಸ್ಥಳಾಂತರವಾಗಿತ್ತು. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳೇ ಇದು.

ಯುದ್ಧ ಮುಗಿದು ಅಣುಬಾಂಬಿನ ಭಯ ಕವಿದಾಗ ಅಮೆರಿಕ ಸರ್ಕಾರವೇ ಕೈಗಾರಿಕೆಗಳನ್ನು ಹರಡುವ ನೀತಿ ಹಿಡಿಯಿತು. 1951ರ ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರೂಮನ್ ಅದನ್ನು ಪ್ರಕಟಿಸಿದರು. ಅಲ್ಲಿನ ಪರಮಾಣು ಶಕ್ತಿ ಆಯೋಗ ತನ್ನ ಮುಖ್ಯ ಕಚೇರಿಯನ್ನು ವಾಷಿಂಗ್ಟನ್‌ನಿಂದ ಹೊರಗೆ, ಮೇರಿಲ್ಯಾಂಡ್‌ನ ಜರ್ಮನ್‌ಟೌನ್‌ಗೆ ಒಯ್ದಿತು.

ಸರ್ಕಾರದಲ್ಲಿ ಹಂಚಬಹುದಾದದ್ದು ಯಾವುದು?

ಸರ್ಕಾರದ ಮಟ್ಟಿಗೆ ಮೊದಲ ಪ್ರಶ್ನೆ, ಆಳುವವರು ಇಲ್ಲವಾದರೆ ಮುಂದೆ ಯಾರು ಎಂಬುದು. ಅಮೆರಿಕದಲ್ಲಿ ಅಧ್ಯಕ್ಷರು ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಭಾಷಣ ಮಾಡುವ ದಿನ ಸಂಪುಟದ ಒಬ್ಬ ಸದಸ್ಯರನ್ನು ಬೇರೆಡೆ ಸುರಕ್ಷಿತವಾಗಿ ಇರಿಸುತ್ತಾರೆ. ಸಭಾಂಗಣದಲ್ಲಿ ಅನಾಹುತವಾದರೂ ಕಾನೂನುಬದ್ಧವಾಗಿ ಅಧಿಕಾರ ವಹಿಸಿಕೊಳ್ಳುವ ಒಬ್ಬರು ಉಳಿಯಲಿ ಎಂದು. ಜರ್ಮನಿಯಲ್ಲಿ ಸಾಂವಿಧಾನಿಕ ನ್ಯಾಯಾಲಯ ಕಾರ್ಲ್ಸ್‌ರೂವೆಯಲ್ಲಿ, ಕೇಂದ್ರ ಬ್ಯಾಂಕ್ ಫ್ರಾಂಕ್‌ಫರ್ಟ್‌ನಲ್ಲಿ, ಅಪರಾಧ ತನಿಖೆಯ ಒಕ್ಕೂಟ ಸಂಸ್ಥೆ ವೀಸ್‌ಬಾಡೆನ್‌ನಲ್ಲಿವೆ. ದಕ್ಷಿಣ ಆಫ್ರಿಕಾಕ್ಕೆ ಮೂರು ರಾಜಧಾನಿಗಳಿವೆ. ಇವುಗಳ ಹಿಂದಿರುವುದು ಭಯೋತ್ಪಾದನೆಯ ಚಿಂತೆಯಲ್ಲ, ಆಯಾ ದೇಶಗಳ ರಾಜಕೀಯ ಚರಿತ್ರೆ. ಆದರೂ ಒಂದೇ ನಗರದ ಮೇಲಿನ ದಾಳಿ ಎಲ್ಲ ಅಂಗಗಳನ್ನೂ ಒಟ್ಟಿಗೆ ಸ್ತಬ್ಧಗೊಳಿಸಲಾರದು ಎಂಬ ಪ್ರಯೋಜನ ತಾನಾಗಿಯೇ ಒದಗಿದೆ.

ಎರಡನೆಯ ಪ್ರಶ್ನೆ ರಕ್ಷಣಾ ವ್ಯವಸ್ಥೆ ಎಲ್ಲಿರಬೇಕು ಎಂಬುದು. ನ್ಯೂಯಾರ್ಕ್ ನಗರಾಡಳಿತ ತನ್ನ ತುರ್ತು ನಿರ್ವಹಣಾ ಕೇಂದ್ರವನ್ನು ವಿಶ್ವ ವ್ಯಾಪಾರ ಕೇಂದ್ರದ 7ನೇ ಕಟ್ಟಡದ 23ನೇ ಮಹಡಿಯಲ್ಲಿ ಕಟ್ಟಿತ್ತು. ಆ ಸಮುಚ್ಚಯದ ಮೇಲೆ 1993ರಲ್ಲೇ ಒಮ್ಮೆ ಬಾಂಬ್ ದಾಳಿಯಾಗಿ 6 ಜನ ಸತ್ತಿದ್ದರೂ ಅಲ್ಲಿಯೇ ಕಟ್ಟಿತು. 2001ರ ಸೆಪ್ಟೆಂಬರ್ 11ರ ಬೆಳಿಗ್ಗೆ ನಗರಕ್ಕೆ ಆ ಕೇಂದ್ರ ಎಂದಿಗಿಂತ ಹೆಚ್ಚು ಬೇಕಾದಾಗ ಅದನ್ನು ಖಾಲಿ ಮಾಡಬೇಕಾಯಿತು. ಸಂಜೆ ಕಟ್ಟಡವೇ ಕುಸಿಯಿತು. ಕಾಪಾಡಬೇಕಾದ ಕೈಯನ್ನು ಏಟು ಬೀಳುವ ಜಾಗದಲ್ಲೇ ಇಟ್ಟಂತಾಗಿತ್ತು.

2008ರ ನವೆಂಬರ್ 26ರ ರಾತ್ರಿ ಮುಂಬೈ ಮೇಲೆ ದಾಳಿಯಾದಾಗ ಸಮಸ್ಯೆ ಇನ್ನೊಂದು ಬಗೆಯದು. ಇಂಥ ಸಂದರ್ಭಕ್ಕೆಂದೇ ತರಬೇತಾದ ರಾಷ್ಟ್ರೀಯ ಭದ್ರತಾ ದಳ ಇದ್ದದ್ದು ದೆಹಲಿಯ ಪಕ್ಕದ ಮಾನೇಸರ್‌ನಲ್ಲಿ. ಕಮಾಂಡೊಗಳು ಮುಂಬೈ ತಲುಪುವಾಗ ಮರುದಿನದ ಬೆಳಗಾಗಿತ್ತು. 166 ಜೀವಗಳನ್ನು ಬಲಿ ಪಡೆದ ಆ ದಾಳಿಯ ನಂತರ, 2009ರಲ್ಲಿ ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್‌ಗಳಲ್ಲಿ ದಳದ ಪ್ರಾದೇಶಿಕ ನೆಲೆಗಳು ಶುರುವಾದವು. ದೂರವೇ ಇಲ್ಲಿ ಮರ್ಮಸ್ಥಾನವಾಗಿತ್ತು.

ತೀರ್ಮಾನದ ಅಧಿಕಾರವನ್ನು ಎಷ್ಟು ಹಂಚಬೇಕು ಎಂಬುದಕ್ಕೆ 2001ರ ಆ ದಿನವೇ ಎರಡು ಉತ್ತರಗಳನ್ನು ಕೊಟ್ಟಿತು. ಮೂರನೆಯ ವಿಮಾನ ಪೆಂಟಗನ್‌ಗೆ ಅಪ್ಪಳಿಸಿದ ಸುಮಾರಿಗೆ, ಆಗಸದಲ್ಲಿದ್ದ ಎಲ್ಲ ವಿಮಾನಗಳೂ ಹತ್ತಿರದ ನಿಲ್ದಾಣದಲ್ಲಿ ಇಳಿಯಬೇಕೆಂಬ ಆದೇಶ ಒಂದೇ ಕೇಂದ್ರದಿಂದ ಹೊರಟಿತು. ಸಾವಿರಾರು ವಿಮಾನಗಳು ಇಳಿದವು. ಅದು ಕೇಂದ್ರದಿಂದ ಮಾತ್ರ ಸಾಧ್ಯವಿದ್ದ ಕೆಲಸ. ಅದೇ ಹೊತ್ತಿಗೆ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ತುದಿಯಲ್ಲಿ ಸಿಲುಕಿದ ಜನರನ್ನು ಫೆರ್ರಿಗಳು, ಟಗ್ ದೋಣಿಗಳು, ಖಾಸಗಿ ಹಡಗುಗಳು ಯಾವ ಪೂರ್ವಯೋಜನೆಯೂ ಇಲ್ಲದೆ ದಾಟಿಸತೊಡಗಿದ್ದವು. ಕರಾವಳಿ ಕಾವಲು ಪಡೆ ರೇಡಿಯೊದಲ್ಲಿ ಕರೆ ಕೊಟ್ಟಿತು, ಆದರೆ ಎಲ್ಲಿಂದ ಯಾರನ್ನು ಹತ್ತಿಸಿಕೊಳ್ಳಬೇಕೆಂದು ಬಹುಪಾಲು ನಿರ್ಧರಿಸಿದವರು ದೋಣಿಗಳ ನಾವಿಕರೇ. ಹಾಗೆ ದಾಟಿದವರು 3ರಿಂದ 5 ಲಕ್ಷ ಎಂಬ ಅಂದಾಜಿದೆ. ಕೇಂದ್ರದ ಲಿಖಿತ ಆದೇಶಕ್ಕೆ ಕಾದಿದ್ದರೆ ಇದು ಆಗುತ್ತಿರಲಿಲ್ಲ.

ಮಾರುಕಟ್ಟೆ ಮತ್ತು ವಿದ್ಯುತ್ ತಂತಿ

ಕಾಫಿ, ಸಕ್ಕರೆ, ಹತ್ತಿಯ ವಾಯಿದೆ ವ್ಯಾಪಾರ ನಡೆಸುತ್ತಿದ್ದ ನ್ಯೂಯಾರ್ಕ್ ಬೋರ್ಡ್ ಆಫ್ ಟ್ರೇಡ್ ಕೂಡ ವಿಶ್ವ ವ್ಯಾಪಾರ ಕೇಂದ್ರದಲ್ಲೇ ಇತ್ತು. 1993ರ ಬಾಂಬಿನ ನಂತರ ಅದು ನದಿಯಾಚೆಯ ಕ್ವೀನ್ಸ್‌ನಲ್ಲಿ ಬದಲಿ ವಹಿವಾಟು ಅಂಗಳವನ್ನು ಸಿದ್ಧಪಡಿಸಿ, ವರ್ಷಗಟ್ಟಲೆ ಬಾಡಿಗೆ ತೆತ್ತು ಖಾಲಿ ಇಟ್ಟುಕೊಂಡಿತ್ತು. 2001ರಲ್ಲಿ ಮೂಲ ಕಟ್ಟಡ ನಾಶವಾದರೂ ಸೆಪ್ಟೆಂಬರ್ 17ರಂದು ಅಲ್ಲಿ ವ್ಯಾಪಾರ ಮತ್ತೆ ಶುರುವಾಯಿತು.

ಇನ್ನು ಕೆಲವು ಸಂಸ್ಥೆಗಳೂ ಬದಲಿ ಕಚೇರಿ ಇಟ್ಟುಕೊಂಡಿದ್ದವು, ಆದರೆ ಮುಖ್ಯ ಕಚೇರಿಯಿಂದ ಕೆಲವೇ ಬೀದಿಗಳಾಚೆ. ಎರಡನ್ನೂ ಒಟ್ಟಿಗೆ ತೆರವು ಮಾಡಬೇಕಾಯಿತು. ಎರಡು ಕಂಪನಿಗಳಿಂದ ದೂರವಾಣಿ ಸಂಪರ್ಕ ಪಡೆದು ನಿಶ್ಚಿಂತರಾಗಿದ್ದವರಿಗೆ, ಎರಡೂ ತಂತಿಗಳು ಒಂದೇ ಕಟ್ಟಡದ ಮೂಲಕ ಹಾದುಹೋಗುತ್ತಿದ್ದವೆಂದು ಆ ದಿನ ತಿಳಿಯಿತು. 2003ರ ಏಪ್ರಿಲ್‌ನಲ್ಲಿ ಅಮೆರಿಕದ ಹಣಕಾಸು ನಿಯಂತ್ರಕರು ಇದಕ್ಕೊಂದು ಸೂತ್ರ ಕೊಟ್ಟರು: ಬದಲಿ ಕಚೇರಿಯು ಮುಖ್ಯ ಕಚೇರಿಯ ಸಾರಿಗೆ, ದೂರಸಂಪರ್ಕ, ನೀರು, ವಿದ್ಯುತ್ತನ್ನೇ ನೆಚ್ಚಿಕೊಂಡಿರಬಾರದು.

ವಿದ್ಯುತ್ತಿನಲ್ಲಿ ಎರಡು ಘಟನೆಗಳನ್ನು ಜೋಡಿಸಿ ನೋಡಬೇಕು. 2013ರ ಏಪ್ರಿಲ್ 16ರಂದು ಕ್ಯಾಲಿಫೋರ್ನಿಯಾದ ಮೆಟ್‌ಕಾಫ್ ಉಪಕೇಂದ್ರದ ಮೇಲೆ ಕತ್ತಲಲ್ಲಿ ಬಂದೂಕಿನ ದಾಳಿಯಾಗಿ 17 ಟ್ರಾನ್ಸ್‌ಫಾರ್ಮರ್‌ಗಳು ಕೆಟ್ಟವು. ದುರಸ್ತಿಗೆ ವಾರಗಳೇ ಹಿಡಿದವು. ಆದರೂ ದೊಡ್ಡ ಕತ್ತಲೆ ಕವಿಯಲಿಲ್ಲ, ಏಕೆಂದರೆ ಜಾಲದ ಬೇರೆ ದಾರಿಗಳಿಂದ ವಿದ್ಯುತ್ ತರಿಸಲು ಸಾಧ್ಯವಾಯಿತು. 2022ರ ಡಿಸೆಂಬರ್ 3ರಂದು ಉತ್ತರ ಕ್ಯಾರೊಲಿನಾದ ಮೂರ್ ಕೌಂಟಿಯಲ್ಲಿ ಎರಡು ಉಪಕೇಂದ್ರಗಳಿಗೆ ಗುಂಡು ಹೊಡೆದಾಗ ಸುಮಾರು 45,000 ಗ್ರಾಹಕರು ವಿದ್ಯುತ್ ಕಳೆದುಕೊಂಡರು, ಸಂಪೂರ್ಣ ಸರಿಹೋಗಲು ದಿನಗಳೇ ಬೇಕಾದವು. ಅಲ್ಲಿ ಬೇರೆ ದಾರಿ ಸಾಲದಾಗಿತ್ತು.

ಚಾವಣಿಯ ಸೌರಫಲಕ, ಬ್ಯಾಟರಿ, ಆಸ್ಪತ್ರೆ ಅಥವಾ ಬಡಾವಣೆಯ ಮಟ್ಟದ ಕಿರುಜಾಲಗಳು ಇಂಥ ಕಡೆ ನೆರವಾಗುತ್ತವೆ. ಒಂದು ಷರತ್ತಿದೆ: ದೊಡ್ಡ ಜಾಲ ನಿಂತಾಗ ಅದರಿಂದ ಕಳಚಿಕೊಂಡು ಸ್ವತಂತ್ರವಾಗಿ ನಡೆಯುವಂತೆ ಅವುಗಳನ್ನು ರೂಪಿಸಿರಬೇಕು. ಸಾಮಾನ್ಯವಾಗಿ ಜಾಲಕ್ಕೆ ಜೋಡಿಸಿದ ಸೌರ ವ್ಯವಸ್ಥೆ ಜಾಲದ ಜೊತೆಗೇ ಆಫ್ ಆಗುತ್ತದೆ. ತಂತಿ ದುರಸ್ತಿ ಮಾಡುವವರಿಗೆ ಆಘಾತವಾಗದಿರಲಿ ಎಂಬ ಸರಿಯಾದ ಕಾರಣಕ್ಕೇ ಹಾಗೆ ಮಾಡಿರುತ್ತಾರೆ. ಲಕ್ಷ ಚಾವಣಿಗಳ ಮೇಲೆ ಫಲಕವಿದ್ದರೂ ಕಳಚಿಕೊಳ್ಳುವ ಈ ಸಾಮರ್ಥ್ಯ ಇಲ್ಲದಿದ್ದರೆ ಮನೆಗಳೆಲ್ಲ ಕತ್ತಲಲ್ಲೇ ಇರುತ್ತವೆ.

ಕಣ್ಣಿಗೆ ಕಾಣದ ಕೇಂದ್ರ

ಹೊರಗೆ ಹರಡಿದ್ದು ಒಳಗೆ ಒಂದೇ ಆಗಿರಬಹುದು ಎಂಬುದಕ್ಕೆ ಹಡಗು ಸಾಗಣೆಯ ಮೇರ್ಸ್ಕ್ ಕಂಪನಿಗಿಂತ ಒಳ್ಳೆಯ ನಿದರ್ಶನ ಸಿಗದು. ಅದರ ಕಚೇರಿಗಳು, ಬಂದರುಗಳು ಜಗತ್ತಿನಾದ್ಯಂತ ಇವೆ. ಯಾರು ಯಾವ ಕಂಪ್ಯೂಟರ್ ಬಳಸಬಹುದೆಂಬ ಮುಖ್ಯ ದಾಖಲೆಯ ಪ್ರತಿಗಳೂ ಹಲವು ದೇಶಗಳಲ್ಲಿದ್ದವು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ವಿನಾಶಕಾರಿ ತಂತ್ರಾಂಶ ಉಕ್ರೇನಿನ ಒಂದು ಲೆಕ್ಕಪತ್ರ ಸಾಫ್ಟ್‌ವೇರ್‌ನ ಮೂಲಕ ಹಬ್ಬಿತು. ಇದನ್ನು ರಷ್ಯಾದ ಸೇನೆಯ ಕೆಲಸವೆಂದು ಅಮೆರಿಕ, ಬ್ರಿಟನ್ ಮುಂದೆ ಆರೋಪಿಸಿದವು. ಮೇರ್ಸ್ಕ್‌ನ ಎಲ್ಲ ಪ್ರತಿಗಳೂ ಒಂದಕ್ಕೊಂದು ಜೋಡಿಕೊಂಡಿದ್ದರಿಂದ ಎಲ್ಲವೂ ಒಟ್ಟಿಗೆ ಅಳಿಸಿಹೋದವು. ಉಳಿದದ್ದು ಘಾನಾದ ಒಂದೇ ಪ್ರತಿ. ದಾಳಿಯ ಹೊತ್ತಿಗೆ ಅಲ್ಲಿ ವಿದ್ಯುತ್ ಹೋಗಿ ಆ ಯಂತ್ರ ಸಂಪರ್ಕ ಕಡಿದುಕೊಂಡಿತ್ತು. ಅದನ್ನು ಮನುಷ್ಯರೇ ಕೈಯಲ್ಲಿ ಹಿಡಿದು ಇಂಗ್ಲೆಂಡಿಗೆ ತಂದ ಮೇಲೆ ಕಂಪನಿಯ ಜಾಲ ಮತ್ತೆ ಮೇಲೆದ್ದಿತು.

ಮೇಲೆ ಹೇಳಿದ ಷರತ್ತು ಇದೇ. ಎರಡು ಪ್ರತಿಗಳು ಒಂದೇ ಕಾರಣದಿಂದ ಸಾಯುವಂತಿದ್ದರೆ ಅವು ಲೆಕ್ಕಕ್ಕೆ ಒಂದೇ. ಎಸ್ಟೋನಿಯಾ ಈ ಪಾಠವನ್ನು 2007ರ ಸೈಬರ್ ದಾಳಿಗಳಿಂದ ಕಲಿತು, 2017ರಲ್ಲಿ ಲಕ್ಸೆಂಬರ್ಗ್ ಜೊತೆ ಒಪ್ಪಂದ ಮಾಡಿಕೊಂಡು ತನ್ನ ಮುಖ್ಯ ಸರ್ಕಾರಿ ದಾಖಲೆಗಳ ಪ್ರತಿಯನ್ನು ಆ ದೇಶದಲ್ಲಿ, ರಾಯಭಾರ ಕಚೇರಿಗಿರುವಂಥ ರಕ್ಷಣೆಯಡಿ ಇರಿಸಿತು.

ಹಾಗಾದರೆ ಎಷ್ಟು ಕೊಂಡಿಗಳಿದ್ದರೆ ಸಾಕು? 1960ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯ ಪಾಲ್ ಬರಾನ್, ಅಣುದಾಳಿಯ ನಂತರವೂ ಉಳಿಯುವ ಸಂಪರ್ಕ ಜಾಲವನ್ನು ಯೋಚಿಸುತ್ತಾ ಇದನ್ನು ಲೆಕ್ಕ ಹಾಕಿದರು. ಎಲ್ಲ ತಂತಿಗಳೂ ನಡುವಿನ ಒಂದು ಬಿಂದುವಿಗೆ ಸೇರುವ ಜಾಲ, ಹಲವು ಉಪಕೇಂದ್ರಗಳ ಜಾಲ, ಮತ್ತು ಪ್ರತಿ ಬಿಂದುವೂ ನೆರೆಯ ಹಲವು ಬಿಂದುಗಳಿಗೆ ಜೋಡಿಸಿಕೊಂಡ ಬಲೆಯಂಥ ಜಾಲ, ಈ ಮೂರನ್ನು ಅವರು ಹೋಲಿಸಿದರು. ಬಲೆಯಂಥ ಜಾಲದಲ್ಲಿ ಕನಿಷ್ಠ ಅಗತ್ಯಕ್ಕಿಂತ ಮೂರು ನಾಲ್ಕು ಪಟ್ಟು ಕೊಂಡಿಗಳಿದ್ದರೆ ಬಹಳಷ್ಟು ಬಿಂದುಗಳು ನಾಶವಾದರೂ ಉಳಿದವು ಮಾತನಾಡಿಕೊಳ್ಳಬಲ್ಲವು ಎಂದು ಕಂಡುಕೊಂಡರು. ಬದಲಿ ಸಾಮರ್ಥ್ಯಕ್ಕೆ ಖರ್ಚಿದೆ, ಆದರೆ ಅದು ಕೊನೆಯಿಲ್ಲದ ಖರ್ಚಲ್ಲ ಎಂಬ ಭರವಸೆ ಈ ಲೆಕ್ಕದಲ್ಲಿದೆ.

ಒಟ್ಟಿಗಿರುವುದೇ ಲೇಸಾಗುವ ಸಂದರ್ಭ

ಹಂಚುವುದರಿಂದ ಆಗುವ ನಷ್ಟಗಳೂ ನಿಜವಾದವೇ. ಒಂದು ಬಾಗಿಲನ್ನು ಕಾಯುವುದಕ್ಕಿಂತ ಇಪ್ಪತ್ತು ಬಾಗಿಲುಗಳನ್ನು ಕಾಯುವುದು ದುಬಾರಿ. ಅಣುವಿದ್ಯುತ್ ಸ್ಥಾವರದ ಇಂಧನ, ಅಪಾಯಕಾರಿ ರೋಗಾಣುಗಳ ಪ್ರಯೋಗಾಲಯ ಮುಂತಾದವನ್ನು ಹರಡುವುದೆಂದರೆ ಕದಿಯುವ ಅವಕಾಶಗಳನ್ನು ಹೆಚ್ಚಿಸಿದಂತೆ. ಅವು ಕಡಿಮೆ ಜಾಗಗಳಲ್ಲಿ, ಬಿಗಿ ಕಾವಲಿನಲ್ಲಿ ಇರುವುದೇ ಸರಿ. ಮಾಹಿತಿಯೂ ಹಾಗೆಯೇ: ಸೆಪ್ಟೆಂಬರ್ 11ರ ದಾಳಿಯ ತನಿಖಾ ಆಯೋಗ 2004ರಲ್ಲಿ ಕೊಟ್ಟ ವರದಿ, ಗುಪ್ತಚರ ಸಂಸ್ಥೆಗಳು ತಮ್ಮ ತಮ್ಮಲ್ಲಿದ್ದ ಸುಳಿವುಗಳನ್ನು ಹಂಚಿಕೊಳ್ಳದೆ ಹೋದದ್ದನ್ನು ದೊಡ್ಡ ಲೋಪವೆಂದು ಗುರುತಿಸಿತು. ದಾಳಿಗೆ ಅಮೆರಿಕ ಸರ್ಕಾರ ತೋರಿದ ಪ್ರತಿಕ್ರಿಯೆ ಕೇಂದ್ರೀಕರಣದ ದಿಕ್ಕಿನಲ್ಲೇ ಇತ್ತು. 22 ಸಂಸ್ಥೆಗಳನ್ನು ಕೂಡಿಸಿದ ಆಂತರಿಕ ಭದ್ರತಾ ಇಲಾಖೆ ಆ ವರದಿಗೂ ಮೊದಲೇ, 2003ರಲ್ಲಿ ಕೆಲಸ ಆರಂಭಿಸಿತ್ತು.

ನಾರ್ವೆ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ದೇಶ. 2011ರ ಜುಲೈ 22ರಂದು ಒಬ್ಬ ಬಲಪಂಥೀಯ ಉಗ್ರವಾದಿ ಓಸ್ಲೋದ ಸರ್ಕಾರಿ ಕಚೇರಿಗಳ ಸಮುಚ್ಚಯದಲ್ಲಿ ವ್ಯಾನ್ ಬಾಂಬ್ ಸಿಡಿಸಿ 8 ಜನರನ್ನು, ಬಳಿಕ ಉಟೋಯ ದ್ವೀಪದಲ್ಲಿ 69 ಜನರನ್ನು ಕೊಂದ. ಸಚಿವಾಲಯಗಳು ಒಂದೇ ಕಡೆ ಇದ್ದುದರಿಂದ ಒಂದೇ ಬಾಂಬು ಹಲವನ್ನು ಹಾಳುಮಾಡಿತು. ದಾಳಿಯ ನಂತರ ಅವು ನಗರದ ಬೇರೆ ಬೇರೆ ಕಟ್ಟಡಗಳಿಗೆ ಚದುರಿದವು. ಅವನ್ನು ಹಾಗೆಯೇ ಬಿಡಬೇಕೇ, ಮತ್ತೆ ಕೂಡಿಸಬೇಕೇ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2014ರಲ್ಲಿ ಸರ್ಕಾರ ರಕ್ಷಣಾ ಸಚಿವಾಲಯವೊಂದನ್ನು ಬಿಟ್ಟು ಉಳಿದವನ್ನು ಹಳೆಯ ಜಾಗದಲ್ಲೇ ಒಟ್ಟುಗೂಡಿಸಲು ತೀರ್ಮಾನಿಸಿತು. ಚದುರಿದ ಬಾಡಿಗೆ ಕಟ್ಟಡಗಳನ್ನೆಲ್ಲ ಬಿಗಿಯಾಗಿ ಕಾಯುವುದಕ್ಕಿಂತ, ವಾಹನಗಳು ಹತ್ತಿರ ಬರಲಾಗದಂತೆ ರೂಪಿಸಿದ ಒಂದು ಆವರಣವನ್ನು ಕಾಯುವುದು ಸಾಧ್ಯವೆಂಬುದು ಅವರ ಲೆಕ್ಕ. ಸ್ಫೋಟಗೊಂಡ ವ್ಯಾನು 2011ರಲ್ಲಿ ಪ್ರಧಾನಿ ಕಚೇರಿಯಿದ್ದ ಕಟ್ಟಡದ ಬಾಗಿಲವರೆಗೂ ಬಂದು ನಿಂತಿತ್ತು. ಪಕ್ಕದ ರಸ್ತೆಯನ್ನು ಸಂಚಾರಕ್ಕೆ ಮುಚ್ಚುವ ಯೋಜನೆ ಅದಕ್ಕೂ ವರ್ಷಗಳ ಮೊದಲೇ ಸಿದ್ಧವಾಗಿ, ಜಾರಿಯಾಗದೆ ಉಳಿದಿತ್ತು.